ಎಮ್ಮೆಕಾಲಿನ ದೋಣಿ

ನನ್ನ ಡೈರಿಯಲ್ಲಿ ಅವರಿಗೊಂದು ಪ್ರತ್ಯೇಕ ಪುಟವಿದೆ. ಪುಟದ ನೆತ್ತಿಯಲ್ಲಿ ಹೆಸರಿಲ್ಲ, ‘ಮಾವ’ ಎಂದಷ್ಟೇ ಇದೆ. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಬರೆದರೆ ತಮ್ಮೂರು ಕುಂದುರ್ಪಿಯಿಂದ ಬಸ್ಸು ಹತ್ತಿ ಬಂದು, ನನ್ನ ಮೇಜಿನ ಮುಂದೆ ನಿಂತು, ಈ ಕಾಗದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಊಹೂಂ” ಎಂದು ಹೇಳಿ ಅದೇ ಬಸ್ಸಿಗೆ ವಾಪಸು ಹೋಗುತ್ತಾರೆ. ಅವರು ನಿವೃತ್ತರಾಗಿ ಇಂದಿಗೆ ಇಪ್ಪತ್ತಾರು ದಿನ.

ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಅಭ್ಯಾಸ. ಟೊಮೇಟೊ ಒತ್ತುತ್ತಿದ್ದರು, ಅದು ಸರಿ. ಆದರೆ ಜೀಪಿನ ಟೈರು, ಹೊಸ ಕುರ್ಚಿಯ ಬೆನ್ನು, ಗೋಡೆಯ ಹಸಿ ಬಣ್ಣ, ಕಚೇರಿಗೆ ಬಂದ ಹೊಸ ಪ್ರಿಂಟರು, ಎಲ್ಲವನ್ನೂ ಒತ್ತುತ್ತಿದ್ದರು. ಒತ್ತಿದ ಮೇಲೆ ತೀರ್ಪು ಎರಡೇ ಬಗೆ. ಜೊತೆಗೆ ಕೆಲಸ ಮಾಡಿದ ಎರಡು ವರ್ಷ ನಾಲ್ಕು ತಿಂಗಳಲ್ಲಿ ಅವರು “ಊಹೂಂ” ಎಂದದ್ದು ಇನ್ನೂರ ಹದಿಮೂರು ಸಲ, “ಹೂಂ” ಎಂದದ್ದು ಹತ್ತೊಂಬತ್ತು ಸಲ. ರಜೆಯಲ್ಲಿದ್ದ ದಿನಗಳನ್ನು ಬಿಟ್ಟು ಹಾಕಿದ ಲೆಕ್ಕ ಇದು. ಅದೇ ಪುಟದ ಕೆಳಗಡೆ ಬಹಳ ಕಾಲ ಒಂದು ಸೊನ್ನೆ ಇತ್ತು. ನಾನು ಹೇಳಹೊರಟಿರುವುದು ಆ ಸೊನ್ನೆಯ ಕತೆ.

ನಾನು ಹಿಂದೂಪುರದವಳು. ಕಲ್ಯಾಣದುರ್ಗದ ಮೀನುಗಾರಿಕೆ ಕಚೇರಿಯಲ್ಲಿ ಸಹಾಯಕಿಯಾಗಿ ಸೇರಿದ ಮೊದಲ ದಿನ ನನ್ನನ್ನು ಕೆರೆ ತೋರಿಸಲು ಕರೆದುಕೊಂಡು ಹೋದವರು ಅವರೇ. ಕಚೇರಿಯ ಹಳೆಯ ಫೀಲ್ಡ್‌ಮ್ಯಾನ್. ಉದ್ದ, ಸಪೂರ. ಪ್ಯಾಂಟನ್ನು ಮೊಣಕಾಲಿಗೆ ಸರಿಯಾಗಿ ಮಡಚಿರುತ್ತಿದ್ದರು, ಒಂದು ಬೆರಳು ಮೇಲಿಲ್ಲ, ಒಂದು ಬೆರಳು ಕೆಳಗಿಲ್ಲ. ಬೆಳುಗುಪ್ಪದ ದಾರಿಯಲ್ಲಿರುವ ಆ ಕೆರೆಯ ಏರಿಯ ಮೇಲೆ ನಿಂತು ನನ್ನನ್ನು ಕೇಳಿದರು:

“ಏನಮ್ಮ, ಈಜು ಬತ್ತದಾ?”

“ಇಲ್ಲ ಸಾರ್.”

“ಒಳ್ಳೇದಾತು ಬಿಡು. ಈಜು ಬರೋರೇ ನೀರಾಗೆ ಬೀಳಾದು. ಬರದೇ ಇರೋರು ಹತ್ರಾನೇ ಹೋಗಲ್ಲ. ಇನ್ನ ಸಾರ್ ಗೀರ್ ಬ್ಯಾಡ ಕಣಮ್ಮ, ಮಾವ ಅನ್ನು. ನಮ್ಮ ಆಫೀಸ್ನಾಗೆ ಗ್ವಾಡೆ ಮ್ಯಾಲಿನ ಹಲ್ಲೀನೂ ನನ್ನ ಮಾವ ಅಂತೈತೆ.”

ಕೆರೆಯ ಅಂಚಿನ ತನಕ ಬಂದು, ಕೆಸರಿನಲ್ಲಿ ಮೊಣಕಾಲು ಮುಳುಗುವಷ್ಟು ಇಳಿದು, ಮೀನುಮರಿ ಬಿಡುವ ಜಾಗ ತೋರಿಸಿದರು. ಅದರಿಂದಾಚೆಗೆ ಒಂದು ಹೆಜ್ಜೆ ಇಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ಅವತ್ತೇ ಬರೆದುಕೊಂಡಿದ್ದೇನೆ: “ಮೊಣಕಾಲ್ ತಂಕ ಬಂದ್ರೆ ಅದು ಕೆಸರು ಕಣಮ್ಮ. ಅದುಕ್ಕಿಂತ ಮ್ಯಾಲಕ್ಕೆ ಬಂದ್ರೆ ನೀರು. ನಂದು ಕೆಸರಿನ ಇಲಾಖೆ.”

ತಮಾಷೆ ಎಂದುಕೊಂಡೆ. ಅವರು ಕುರಿ ಕಾಯುವ ಮನೆತನದವರು, ಹನ್ನೆರಡನೇ ವಯಸ್ಸಿನ ತನಕ ಬಾವಿಗಿಂತ ದೊಡ್ಡ ನೀರು ನೋಡಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮೀನುಗಾರಿಕೆಗೆ ಹೇಗೆ ಬಂದಿರಿ ಎಂದರೆ, “ಕುರಿ ಎಣಿಸ್ತಿದ್ದೆ. ಮೀನೂ ಎಣಿಸ್ಲಿ ಅಂತ ಹಾಕ್ಕಂಡ್ರು” ಎನ್ನುತ್ತಿದ್ದರು.

ನಮ್ಮ ಕಚೇರಿಗೆ ಒಂದು ದೋಣಿ ಇತ್ತು, ಈಗಲೂ ಇದೆ. ಗಾಳಿ ತುಂಬುವ ಬೂದು ಬಣ್ಣದ ರಬ್ಬರ್ ದೋಣಿ, ನಾಲ್ಕು ಜನ ಕೂರಬಹುದು. ಹಿಂಬದಿಯಲ್ಲಿ ದಪ್ಪ ಹಲಗೆ, ಹಲಗೆಯ ಮೇಲೆ ಕಚ್ಚಿ ಕೂರುವ ಪುಟ್ಟ ಮೋಟರು. ದೋಣಿಗೆ ಏರಿಯ ಮೇಲೊಂದು ಶೆಡ್ಡು. ದೋಣಿಯ ಮೈ ಒರೆಸುವುದು, ಗಾಳಿ ನೋಡುವುದು, ಮೋಟರಿನ ಪ್ಲಗ್ ತಿಕ್ಕುವುದು ಮಾವನ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ಅವರೇ ಹಚ್ಚಿಕೊಂಡದ್ದು. ಬೆಳಿಗ್ಗೆ ಬಂದವರು ಮೊದಲು ಶೆಡ್ಡಿಗೆ ಹೋಗಿ ದೋಣಿಯ ಎಡ ಭುಜ, ಬಲ ಭುಜ, ಮೂತಿ ಮೂರನ್ನೂ ಹೆಬ್ಬೆರಳಿನಿಂದ ಒತ್ತುವರು. ಹೊಟ್ಟೆ ಉಬ್ಬರಿಸಿದ ಕರುವನ್ನು ನೋಡಿದ ಹಾಗೆ.

ದೋಣಿಯ ಕಷ್ಟವೆಲ್ಲ ನೀರಿಗೆ ಹೋಗುವ ಮೊದಲಿನದು. ನಮ್ಮ ಕೆರೆಯ ದಡ ಒಂದು ಕಡೆ ನಿಲ್ಲುವುದಿಲ್ಲ. ಮಳೆ ಹಿಡಿದ ತಿಂಗಳು ಶೆಡ್ಡಿನಿಂದ ನೀರಿಗೆ ನಲವತ್ತು ಹೆಜ್ಜೆ. ಯುಗಾದಿಯ ಹೊತ್ತಿಗೆ ಮುನ್ನೂರ ಹನ್ನೆರಡು. ಇವು ಮಾವನ ಹೆಜ್ಜೆಗಳು, ನನ್ನವಾದರೆ ನಾನ್ನೂರು ದಾಟುತ್ತವೆ. ಈ ಹಾದಿಯಲ್ಲಿ ಮೊದಲು ಏರಿಯ ಕಲ್ಲು, ಆಮೇಲೆ ಸರ್ಕಾರಿ ಜಾಲಿಯ ಮುಳ್ಳು, ಆಮೇಲೆ ಬಿರುಕು ಬಿಟ್ಟ ಹೆಂಟೆ, ಕೊನೆಗೆ ಮೊಣಕಾಲುದ್ದ ಕೆಸರು. ದೋಣಿಯನ್ನು ಎಳೆದರೆ ರಬ್ಬರು ಹರಿಯುತ್ತದೆ. ಹೊತ್ತೊಯ್ಯಬೇಕು, ಹೊರಲು ನಾಲ್ಕು ಜನ ಬೇಕು. ನಮ್ಮ ಕಚೇರಿಯಲ್ಲಿ ಒಂದೇ ದಿನ ನಾಲ್ಕು ಜನ ಇದ್ದದ್ದು ನನ್ನ ಡೈರಿಯ ಪ್ರಕಾರ ಬಹಳ ಅಪರೂಪ.

ಕೆರೆಯಲ್ಲಿ ಬಲೆ ಹಾಕುವವರಲ್ಲಿ ಓಬಳೇಶ ಎಂಬವನಿದ್ದಾನೆ. ಲಾರಿಯ ಟ್ಯೂಬಿಗೆ ಥರ್ಮಾಕೋಲು ಕಟ್ಟಿಕೊಂಡು ಅದರ ಮೇಲೆ ಕುಳಿತು ಹುಟ್ಟು ಹಾಕುವವನು. ಹೋದ ಕಾರ್ತೀಕದ ಒಂದು ಗುರುವಾರ ಮಧ್ಯಾಹ್ನ ಗಾಳಿ ಎದ್ದು ಅವನ ಥರ್ಮಾಕೋಲು ಮುರಿಯಿತು, ಟ್ಯೂಬು ತೇಲಿಹೋಯಿತು. ಅವನು ಕೆರೆಯ ನಡುವೆ ತಲೆ ಎತ್ತಿ ನಿಂತಿದ್ದ ಒಂದು ಜಾಲಿಗಿಡವನ್ನು ತಬ್ಬಿಕೊಂಡ. ದಡದಲ್ಲಿ ಇದ್ದವರು ಮಾವ ಮತ್ತು ನಾನು. ಇಬ್ಬರೂ ಸೇರಿ ದೋಣಿ ಎತ್ತಿದೆವು. ಆರು ಹೆಜ್ಜೆಗೆ ಇಳಿಸಿದೆವು. ಬೆಳುಗುಪ್ಪದಿಂದ ಇನ್ನಿಬ್ಬರು ಆಟೊ ಹಿಡಿದು ಬಂದು ಕೈ ಕೊಡುವ ಹೊತ್ತಿಗೆ ಎರಡು ಗಂಟೆ ಹತ್ತು ನಿಮಿಷ ಕಳೆದಿತ್ತು. ಅಷ್ಟೂ ಹೊತ್ತು ಮಾವ ಕೆಸರಿನ ಅಂಚಿನಲ್ಲಿ ನಿಂತು, “ಹಿಡ್ಕಳ್ಲಾ, ಬಿಡಬ್ಯಾಡ ಕಣ್ಲಾ” ಎಂದು ಎರಡೂ ಕೈ ಬೀಸುತ್ತಾ ಕೂಗುತ್ತಿದ್ದರು. ಓಬಳೇಶ ಬದುಕಿದ. ಅವನ ಹೆಂಡತಿ ಅವನ ಮೈಯಿಂದ ಮೂವತ್ತೇಳು ಮುಳ್ಳು ಕಿತ್ತಳು, ಎಣಿಸಿ ನನಗೆ ಹೇಳಿದವಳೂ ಅವಳೇ.

ಅಲ್ಲಿಂದಾಚೆಗೆ ಓಬಳೇಶನಿಗೆ ಮಾವನನ್ನು ಕಂಡಾಗಲೆಲ್ಲ ಒಂದು ಮಾತು ಖಾಯಂ:

“ಮಾವ, ಆವತ್ತು ದಡದಾಗೆ ನಿಂತ್ಕಂಡು ಕೈ ಬೀಸಿದ್ಯಲ್ಲ, ಶ್ಯಾನೆ ತಣ್ಣಗಿತ್ತು ಕಣಪ್ಪ. ಫ್ಯಾನ್ ಹಾಕ್ದಂಗಿತ್ತು.”

ಮಾವ ಎಲ್ಲರ ಜೊತೆ ನಗುತ್ತಿದ್ದರು. ಆದರೆ ಆ ಗುರುವಾರದ ನಂತರ ನಾಲ್ಕು ದಿನ ಅವರ ಗಂಟಲು ಕಟ್ಟಿತ್ತು. ಆ ನಾಲ್ಕು ದಿನ ಅವರು ಯಾವುದನ್ನೂ ಒತ್ತಿ ನೋಡಲಿಲ್ಲ ಎಂದು ಡೈರಿಯಲ್ಲಿದೆ.

ಸಂಕ್ರಾಂತಿ ಕಳೆದ ಸೋಮವಾರ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ದೋಣಿ ಎರಡು ವರ್ಷದಲ್ಲಿ ಹನ್ನೊಂದು ಸಲ ಮಾತ್ರ ನೀರಿಗಿಳಿದಿದೆ, ಬಳಕೆಯಾಗದ ದೋಣಿಯನ್ನು ದೊಡ್ಡ ಜಲಾಶಯವಿರುವ ಬೇರೆ ಕಡೆಗೆ ಕಳುಹಿಸುವುದು ಒಳ್ಳೆಯದು, ತಪಾಸಣೆಗೆ ಬಂದು ತೀರ್ಮಾನಿಸುತ್ತೇವೆ ಎಂದಿತ್ತು. ಪತ್ರ ಬರೆದವರದು ತಪ್ಪಿಲ್ಲ. ಹನ್ನೊಂದು ಎಂಬ ಲೆಕ್ಕ ಕೊಟ್ಟವಳು ನಾನೇ.

ಮಾವ ಪತ್ರವನ್ನು ಎರಡು ಸಲ ಓದಿದರು. “ನೀನ್ಯಾಕಮ್ಮ ಅಷ್ಟು ಸರಿಯಾಗಿ ಬರ್ಕಂಡೆ?” ಎಂದು ಕೇಳಿದರು. ಆಮೇಲೆ ಫೋನು ಮಾಡಿ, ತಪಾಸಣೆಗೆ ಬರುವ ಮೇಡಂ ಹತ್ತಿರ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ಇಬ್ಬರೇ ಇಬ್ಬರು, ಬೇರೆ ಯಾರ ಕೈಯೂ ತಾಗದೆ, ಅರ್ಧ ಗಂಟೆಯೊಳಗೆ ಶೆಡ್ಡಿನಿಂದ ದೋಣಿಯನ್ನು ನೀರಿಗಿಳಿಸಿ ತೋರಿಸಿದರೆ ದೋಣಿ ಇಲ್ಲೇ ಇರುತ್ತದೆ. ಇಲ್ಲವಾದರೆ ಅವತ್ತೇ ಲಾರಿ ಹತ್ತುತ್ತದೆ.

“ಅದು ಹೋದ್ರೆ ಓಬಳೇಶನ್ಗೆ ಇನ್ನೊಂದು ಜಾಲಿಗಿಡ ನೆಟ್ಟು ಕೊಡ್ಬೇಕಾಯ್ತದೆ” ಎಂದರು ಮಾವ. ಅವರ ನಿವೃತ್ತಿಗೆ ಆಗ ಐದು ತಿಂಗಳು ಉಳಿದಿತ್ತು.

ಆ ವಾರ ಪುಟ ತಿರುವುತ್ತಿದ್ದಾಗ ಸೊನ್ನೆ ನನ್ನ ಕಣ್ಣಿಗೆ ಬಿತ್ತು. ಪ್ರತಿ ಸಲ ದೋಣಿಯಲ್ಲಿ ಯಾರ್ಯಾರು ಹೋದರು ಎಂದು ಬರೆದುಕೊಂಡಿದ್ದೆ. ಹನ್ನೊಂದು ಸಲವೂ ಮಾವ ಇದ್ದರು. ಆರು ಸಲ ಹಗ್ಗ ಹಿಡಿದಿದ್ದರು, ಮೂರು ಸಲ ಚಪ್ಪಲಿ ಕಾಯುತ್ತಿದ್ದರು, ಎರಡು ಸಲ ಅದೇ ಗಳಿಗೆಗೆ ಅವರಿಗೆ ಫೋನು ಬಂದಿತ್ತು. ದೋಣಿ ಹತ್ತಿದ್ದು ಸೊನ್ನೆ. ದಿನಾ ಬೆಳಿಗ್ಗೆ ಅದರ ಭುಜ ಒತ್ತುವ ಮನುಷ್ಯ ಒಂದು ಸಲವೂ ಅದರೊಳಗೆ ಕೂತಿರಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ದೋಣಿಗೆ ಚಕ್ರ ಹಾಕುವುದುಂಟು ಎಂದು ನಾನು ಫೋನಿನಲ್ಲಿ ತೋರಿಸಿದೆ. ಹಿಂಬದಿಯ ಹಲಗೆಗೆ ಎರಡು ಕಾಲು, ಕಾಲಿಗೊಂದೊಂದು ಚಕ್ರ. ಮೋಟರಿನ ಭಾರ ಚಕ್ರದ ಮೇಲೆ ಕೂರುತ್ತದೆ. ಮೂತಿ ಹಿಡಿದೆತ್ತಿದರೆ ತಳ್ಳುಗಾಡಿಯ ಹಾಗೆ ದೋಣಿ ಉರುಳುತ್ತದೆ. ನೀರಿಗೆ ಬಂದ ಮೇಲೆ ಪಿನ್ ಎಳೆದು ಚಕ್ರಗಳನ್ನು ಮೇಲಕ್ಕೆ ಮಡಚಬೇಕು. ಮಾವ ಚಿತ್ರದ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದರು. ಪರದೆ ಬದಲಾಗಿ ಯಾರೋ ಅಡುಗೆ ಮಾಡುವುದು ಬಂತು.

“ಊಹೂಂ. ಇದು ಸಿಮೆಂಟ್ ದಡದ ಚಕ್ರ ಕಣಮ್ಮ. ಗಟ್ಟಿ ಪ್ಲಾಸ್ಟಿಕ್ಕು, ಗೇಣುದ್ದ. ನಮ್ಮ ಕೆಸರಿಗೆ ಬಿಟ್ರೆ ಕುರಿ ಕಾಲು ಹೂತ್ಕಂಡಂಗೆ ಹೂತ್ಕಣ್ತದೆ.”

“ಮತ್ತೆ ಎಂಥದ್ದು ಬೇಕು ಮಾವ?”

“ಎಮ್ಮೆ ಕಾಲು ನೋಡಿದ್ಯಾ? ಕುರೀಗಿಂತ ಹತ್ತರಷ್ಟು ಭಾರ. ಆದ್ರೂ ಕೆಸರಾಗೆ ಆರಾಮಾಗಿ ಹೋಯ್ತದೆ. ಯಾಕೆ? ಗೊರಸು ಅಗಲುಸ್ತದೆ. ನಮ್ಗೆ ಎಮ್ಮೆ ಕಾಲಿನ ಚಕ್ರ ಬೇಕು.”

ಎಮ್ಮೆ ಕಾಲಿನ ಚಕ್ರ ಹುಡುಕಲು ಫೆಬ್ರವರಿಯ ಎರಡನೇ ಶನಿವಾರ ಹಿಂದೂಪುರಕ್ಕೆ ಹೊರಟೆವು. ಅಲ್ಲಿ ನನಗೆ ಪರಿಚಯದ ನಬಿ ಸಾಬರ ವೆಲ್ಡಿಂಗ್ ಅಂಗಡಿ ಇದೆ. ಹುಣಸೇಹಣ್ಣಿನ ಮಂಡಿಗೆ ಮೂಟೆ ಎಳೆಯುವ ಕೈಗಾಡಿ ಮಾಡಿಕೊಡುವವರು, ಅವರ ಹತ್ತಿರ ಇಲ್ಲದ ಚಕ್ರವಿಲ್ಲ. ಮಾವ ಮೂರು ಅಂತಸ್ತಿನ ಸ್ಟೀಲ್ ಟಿಫಿನ್ ಡಬ್ಬಿ ಹಿಡಿದು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅತ್ತೆ ಏನು ಕಟ್ಟಿಕೊಟ್ಟಿರಬಹುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ: ಮುದ್ದೆಯೋ, ಚಿತ್ರಾನ್ನವೋ.

ನಬಿ ಸಾಬರು ಅಂಗಡಿಯಿಂದ ಐದು ಬಗೆಯ ಚಕ್ರ ತಂದು ಸಾಲಾಗಿ ಇಟ್ಟರು. ಮಾವ ಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದರು. ಮೇಲಿನ ಅಂತಸ್ತಿನಲ್ಲಿ ಜಾಲಿಮುಳ್ಳು. ನಡುವಿನದರಲ್ಲಿ ಒಣಗಿದ ಹೆಂಟೆ. ಕೆಳಗಿನದರಲ್ಲಿ ಕೆಸರು, ಹಸಿಯಾಗಿಯೇ ಇತ್ತು, ಮೇಲೆ ಒದ್ದೆ ಬಟ್ಟೆ ಮುಚ್ಚಿದ್ದರು.

ನಬಿ ಸಾಬರು ಬಗ್ಗಿ ನೋಡಿ, “ಊಟಕ್ಕೆ ಉಪ್ಪಿನಕಾಯಿ ತರಿಸ್ಲಾ ಸಾರ್?” ಎಂದರು.

“ನಗಬ್ಯಾಡಪ್ಪ. ಇದು ನಮ್ಮ ಕೆರೆ. ಎಲ್ಲಾನೂ ಹೊತ್ಕಂಡ್ ಬರಾಕಾಗಲ್ಲ ಅಂತ ಒಂದೊಂದು ತುತ್ತು ತಂದಿದೀನಿ.”

“ಕೆರೆ ಅಂತೀರಾ, ದೋಣಿ ಅಂತೀರಾ. ಮತ್ತೆ ನೀರೆಲ್ಲಿ?”

ಮಾವ ಒಂದು ಕ್ಷಣ ಡಬ್ಬಿಯನ್ನೇ ನೋಡಿದರು. “ನೀರು ಅದ್ರ ಪಾಡಿಗೆ ಅದಿರ್ತದೆ ಬಿಡಪ್ಪ. ತಕರಾರು ಇರಾದು ನೆಲದ್ದು.”

ಪರೀಕ್ಷೆ ಶುರುವಾಯಿತು. ಕಬ್ಬಿಣದ ಬೋಗುಣಿಯಲ್ಲಿ ಕೆಸರು ಸುರಿದು ಚಕ್ರವನ್ನು ಅದರ ಮೇಲಿಟ್ಟು, ಚಕ್ರದ ಮೇಲೆ ನನ್ನನ್ನು ನಿಲ್ಲಿಸಿದರು. ನನ್ನ ತೂಕಕ್ಕೂ ಮೋಟರು ಹೊತ್ತ ಹಿಂಬದಿಯ ತೂಕಕ್ಕೂ ಬಹಳ ವ್ಯತ್ಯಾಸವಿಲ್ಲವಂತೆ, ಇದನ್ನು ನಾನು ಡೈರಿಯಲ್ಲಿ ಬರೆದಿರಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನದು ಬೋಗುಣಿಯ ತಳ ಮುಟ್ಟಿತು. ಸೈಕಲ್ ಚಕ್ರ ದೊಡ್ಡದು, ಹೆಂಟೆಯ ಮೇಲೆ ಚೆನ್ನಾಗಿ ಹತ್ತಿತು, ಕೆಸರಿನಲ್ಲಿ ಮಾತ್ರ ಬೆಣ್ಣೆ ಕೊಯ್ಯುವ ದಾರದ ಹಾಗೆ ಇಳಿಯಿತು. ಗಟ್ಟಿ ರಬ್ಬರಿನದಕ್ಕೆ ಮುಳ್ಳಿನ ಹೆದರಿಕೆಯಿಲ್ಲ, ಆದರೆ ಅದರದೇ ಭಾರ ಅದಕ್ಕೆ ಶತ್ರು. ಮೂಟೆ ಗಾಡಿಯ ಗಾಳಿ ಟೈರು ಎಲ್ಲದರಲ್ಲೂ ಗೆದ್ದಿತು. ಮಾವ ಮೇಲಿನ ಅಂತಸ್ತಿನಿಂದ ಉದ್ದದೊಂದು ಮುಳ್ಳು ಆರಿಸಿ ಅದಕ್ಕೆ ಚುಚ್ಚಿದರು. ಅದು ನಿಟ್ಟುಸಿರು ಬಿಟ್ಟು ಕೂತಿತು.

“ಸಾರ್, ಅದು ಹೊಸದು” ಎಂದರು ನಬಿ ಸಾಬರು.

“ನಮ್ಮ ಮುಳ್ಳೂ ಹೊಸದೇ. ಬೆಳಿಗ್ಗೆ ಕಿತ್ತಿದ್ದು.”

ಕೊನೆಗೆ ಐದನೆಯ ಚಕ್ರಕ್ಕೆ ಬಂದರು. ಕಟ್ಟಡದ ಕೆಲಸದಲ್ಲಿ ಕಾಂಕ್ರೀಟು ಸಾಗಿಸುವ ಒಂಟಿಚಕ್ರದ ಗಾಡಿಯದು. ಗಿಡ್ಡ, ಅಗಲ, ಕೊಬ್ಬಿದ್ದು. ಅದರೊಳಗೆ ಮೋಟರ್ ಸೈಕಲ್ಲಿಗೆ ಹಾಕುವ ಪಂಕ್ಚರ್ ದ್ರಾವಣ ತುಂಬಿಸಿದರು. ಗಾಳಿಯನ್ನು ಪೂರ್ತಿ ಹಾಕಬೇಡಿ, ಅರ್ಧಕ್ಕೆ ನಿಲ್ಲಿಸಿ ಎಂದರು. ಮುಳ್ಳು ಚುಚ್ಚಿ ಕಿತ್ತರು, ಸಣ್ಣದೊಂದು ಗುಳ್ಳೆ ಬಂದು ನಿಂತಿತು. ಕೆಸರಿನ ಮೇಲಿಟ್ಟು ನನ್ನನ್ನು ಹತ್ತಿಸಿದರು. ಟೈರು ಎರಡೂ ಕಡೆಗೆ ಅಗಲಿಸಿ ನಿಂತಿತು, ಬೋಗುಣಿಯ ತಳ ಮುಟ್ಟಲಿಲ್ಲ. ಮಾವ ಹೆಬ್ಬೆರಳಿನಿಂದ ಒತ್ತಿದರು. ಬಹಳ ಹೊತ್ತು ಒತ್ತಿದರು.

“ಹೂಂ.”

ಡೈರಿಯ ಪ್ರಕಾರ ಅದು ಹದಿನೇಳನೆಯದು.

ಕಾಲುಗಳಿಗೆ ತುಕ್ಕು ಹಿಡಿಯದ ಪೈಪು, ಮೋಟರಿನ ರೆಕ್ಕೆ ನೆಲಕ್ಕೆ ತಾಗದಷ್ಟು ಉದ್ದ, ಹಲಗೆಗೆ ಕಾಲಿಗೆ ನಾಲ್ಕರಂತೆ ಬೋಲ್ಟು, ತೂತಿಗೆ ನೀರು ಇಳಿಯದ ಅಂಟು, ಎಲ್ಲವನ್ನೂ ಮಾವ ಒತ್ತಿ, ತಟ್ಟಿ, ಮೂಸಿ ತೀರ್ಮಾನಿಸಿದರು. ಕೊನೆಗೆ ನಬಿ ಸಾಬರು ಕೇಳಿದರು:

“ಚಕ್ರ ಎತ್ತೋ ಪಿನ್ನು ದೋಣಿ ಒಳಗೆ ಕೂತೋರ ಕೈಗೆ ಸಿಗೋ ಹಂಗೆ ಇಡ್ಲಾ, ಹೊರಗಡೆ ನಿಂತೋರ ಕೈಗೆ ಸಿಗೋ ಹಂಗೆ ಇಡ್ಲಾ?”

“ಹೊರಗಡೆ ನಿಂತೋರ ಕೈಗೆ” ಎಂದರು ಮಾವ.

ಇಡೀ ದಿನದಲ್ಲಿ ಒತ್ತಿ ನೋಡದೆ ಕೊಟ್ಟ ಉತ್ತರ ಅದೊಂದೇ. ನಾನು ಅವರ ಮುಖ ನೋಡಿದೆ. ಅವರು ಡಬ್ಬಿ ತೊಳೆಯಲು ನಲ್ಲಿಯ ಕಡೆಗೆ ಹೋಗಿದ್ದರು.

ಆಮೇಲೆ ಮೂರು ವಾರ ಅಭ್ಯಾಸ ಮಾಡಿದೆವು. ಮಾವ ಎಡಕ್ಕೆ, ನಾನು ಬಲಕ್ಕೆ, ಮೂತಿಯ ಹಗ್ಗ ಹಿಡಿದು ಎತ್ತುವುದು, ನಡೆಯುವುದು. ಕೆಸರಿಗೆ ಬಂದಾಗ ದೋಣಿಯನ್ನು ತಿರುಗಿಸಿ ಹಿಂಬದಿ ಮೊದಲು ನೀರಿಗೆ ಹೋಗುವಂತೆ ತಳ್ಳುವುದು. ನಾನು ಹತ್ತಿ ಕೂರುವುದು, ಮಾವ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಎರಡು ಪಿನ್ನು ಎಳೆದು ಚಕ್ರ ಎತ್ತಿ, ಒಂದು ತಳ್ಳು ತಳ್ಳುವುದು, ನಾನು ಮೋಟರಿನ ಹಗ್ಗ ಎಳೆಯುವುದು. ಮಾವ ದಡದಲ್ಲಿ ಉಳಿಯುವುದು. ಮೊದಲ ದಿನ ಮೂವತ್ತೊಂದು ನಿಮಿಷ ಹಿಡಿದದ್ದು ಒಂಬತ್ತನೆಯ ಸಲಕ್ಕೆ ಹದಿನಾಲ್ಕಕ್ಕೆ ಬಂತು. ಕೆಸರಿನಲ್ಲಿ ನಮ್ಮ ಹೆಜ್ಜೆಗಳು ಮಂಡಿಯವರೆಗೆ ಹೂತವು, ಚಕ್ರದ ಗುರುತು ನಾಲ್ಕು ಬೆರಳು. ಎಮ್ಮೆ ಗೆದ್ದಿತ್ತು.

ತಪಾಸಣೆಯ ದಿನ ಮೇಡಂ ಹತ್ತು ಗಂಟೆಗೆ ಬಂದರು. ಎಳೆಯ ವಯಸ್ಸಿನವರು, ಬಿಳಿ ಕ್ಯಾನ್ವಾಸ್ ಶೂ, ಮಾತು ಕಡಿಮೆ. ಏರಿಯ ಕೆಳಗೆ ಖಾಲಿ ಲಾರಿ ನಿಂತಿತ್ತು. ಕೆರೆಯೊಳಗೆ ಓಬಳೇಶ ಹೊಸ ಟ್ಯೂಬಿನ ಮೇಲೆ ಕುಳಿತು, ಬಲೆ ಬಿಡುವ ನೆಪದಲ್ಲಿ ನೋಡುತ್ತಿದ್ದ. ಶೆಡ್ಡಿನಿಂದ ನೀರಿಗೆ ಅವತ್ತು ಇನ್ನೂರ ತೊಂಬತ್ತು ಹೆಜ್ಜೆ. ಕಲ್ಲು ದಾಟಿದೆವು. ಮುಳ್ಳು ದಾಟಿದೆವು. ಹೆಂಟೆಯ ಮೇಲೆ ದೋಣಿ ತೂಗಿಕೊಂಡು ಬಂತು. ಮೇಡಂ ಹಿಂದೆ ಹಿಂದೆಯೇ ಬಂದರು, ಕೆಸರು ಬಂದಾಗ ಬಿಳಿ ಶೂ ನಿಂತಿತು. ದೋಣಿ ತಿರುಗಿಸುವಾಗ ಕೈಗಡಿಯಾರ ನೋಡಿಕೊಂಡೆ, ಹದಿಮೂರು ನಿಮಿಷ.

ಆಗ ಮೇಡಂ ಹಿಂದಿನಿಂದ ತೆಲುಗಿನಲ್ಲಿ ಹೇಳಿದರು: “ಇದ್ದರೂ ಎಕ್ಕಂಡಿ. ಆ ಚೆಟ್ಟು ದಾಕಾ ವೆಳ್ಳಿ ರಂಡಿ.” ಇಬ್ಬರೂ ಹತ್ತಿ, ಆ ಗಿಡದ ತನಕ ಹೋಗಿ ಬನ್ನಿ.

ಆ ಗಿಡ ಎಂದರೆ ಓಬಳೇಶ ತಬ್ಬಿಕೊಂಡಿದ್ದ ಜಾಲಿ.

ಮಾವ ತೆಲುಗಿನಲ್ಲೇ ಉತ್ತರ ಕೊಡಲು ಬಾಯಿ ತೆರೆದರು. ಜೇಬು ತಟ್ಟಿಕೊಂಡರು, ಫೋನು ಬರಲಿಲ್ಲ. ಚಪ್ಪಲಿ ಕಾಯೋಣವೆಂದರೆ ಇಬ್ಬರೂ ಬರಿಗಾಲು. ಏರಿಯ ಹತ್ತಿರದ ಲಾರಿಯ ಕಡೆ ಒಮ್ಮೆ, ಗಿಡದ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಮನುಷ್ಯ ಒಂದು ಕೆಲಸ ಮಾಡಿದರು, ಅದನ್ನು ಯೋಚಿಸಿದರೆ ನನಗೆ ಈಗಲೂ ನಗು ತಡೆಯಲು ಆಗುವುದಿಲ್ಲ. ದೋಣಿ ಇನ್ನೂ ಪೂರ್ತಿ ನೆಲದ ಮೇಲಿತ್ತು. ನೀರು ಇನ್ನೂ ಮೂರು ಮಾರು ದೂರ. ಅಲ್ಲೇ ಹತ್ತಿ, ನಡುವಿನ ಹಲಗೆಯ ಮೇಲೆ ಕುಳಿತು, ಎರಡೂ ಕಡೆಯ ಹಗ್ಗ ಹಿಡಿದುಕೊಂಡು, “ಹೂಂ, ತಳ್ಳಮ್ಮ” ಎಂದರು.

ಅದು ಹದಿನೆಂಟನೆಯ ಹೂಂ.

ಮಾವನೂ ಮೋಟರೂ ಸೇರಿದ ಭಾರವನ್ನು ನಾನೊಬ್ಬಳೇ ತಳ್ಳಿದೆ. ತಳ್ಳಿದ್ದು ಸಾಧ್ಯವಾದದ್ದಕ್ಕೆ ಆ ಚಕ್ರಗಳೇ ಸಾಕ್ಷಿ, ಇದಕ್ಕಿಂತ ದೊಡ್ಡ ಪರೀಕ್ಷೆ ಅವುಗಳಿಗೆ ಬೇಕಿರಲಿಲ್ಲ. ದೋಣಿ ತೇಲಿತು, ನಾನು ಸೊಂಟದವರೆಗೆ ನೆಂದು ಹತ್ತಿ ಕುಳಿತೆ, ಮೋಟರಿನ ಹಗ್ಗ ಎಳೆದೆ. ದೋಣಿ ಹೊರಟಿತು. ಹೊರಟಿತು ಎಂದು ಹೇಳಬಹುದು ಅಷ್ಟೇ. ನಡೆಯುವವರು ನಮಗಿಂತ ಬೇಗ ಹೋಗುತ್ತಿದ್ದರು.

“ಮಾವ, ಪಿನ್ನು” ಎಂದೆ.

ಪಿನ್ನು ಎಳೆಯಬೇಕಿದ್ದವರು ದಡದಲ್ಲಿ ನಿಲ್ಲಬೇಕಿತ್ತು. ಅವರು ನನ್ನ ಮುಂದೆ ಕುಳಿತಿದ್ದರು. ಎರಡು ಚಕ್ರಗಳೂ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಬರುತ್ತಿದ್ದವು.

ಓಬಳೇಶ ಟ್ಯೂಬಿನ ಮೇಲೆ ಹುಟ್ಟು ಹಾಕುತ್ತಾ ಪಕ್ಕಕ್ಕೆ ಬಂದ, ನಮ್ಮನ್ನು ದಾಟಿ ಮುಂದೆ ಹೋಗಿ ಮತ್ತೆ ನಿಂತ. “ಏನ್ ಮಾವ, ನೀರಾಗೆ ಎತ್ತಿನಗಾಡಿ ಹೊಡ್ಕಂಡ್ ಬಂದ್ಬುಟ್ಯಲ್ಲಪ್ಪ. ಎತ್ತೆಲ್ಲಿ? ಮುಳುಗೋದ್ವಾ?”

“ಸುಮ್ಕಿರ್ಲಾ. ಬ್ರೇಕ್ ಹಾಕಿವ್ನಿ” ಎಂದರು ಮಾವ. ದನಿ ಸಣ್ಣಗಿತ್ತು.

“ಮಾವ, ಹಿಂದಕ್ಕೆ ಬಂದು ಹಲಗೆಯ ಮೇಲೆ ಬಗ್ಗಿ ಪಿನ್ನು ಎಳೀರಿ.”

“ನೀನೇ ಎಳಿ ಕಣಮ್ಮ.”

“ನಾನು ಮೋಟರು ಬಿಟ್ಟರೆ ದೋಣಿ ಎತ್ತ ಹೋಗುತ್ತೋ ಗೊತ್ತಿಲ್ಲ.”

ಮಾವ ತಿರುಗದೆಯೇ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಆಮೇಲೆ, ನನಗೆ ಮಾತ್ರ ಕೇಳುವ ಹಾಗೆ, “ಲೆಕ್ಕದಾಗೆ ಬರ್ಕಂಡಿದ್ಯಾ?” ಎಂದರು.

“ಏನನ್ನ?”

“ನಾನು ಹತ್ತದೇ ಇರಾದು.”

“ಬರ್ಕಂಡಿದೀನಿ.”

“ಯಾರಿಗೂ ಹೇಳ್ಲಿಲ್ಲ ಅಲ್ವಾ?”

“ಇಲ್ಲ.”

“ಹಂಗಾದ್ರೆ ಸೊಂಟ ಹಿಡ್ಕ. ಬಿಟ್ಟೀಯಾ ಮತ್ತೆ.”

ಅವರು ದೋಣಿಯ ತಳದಲ್ಲಿ ಮಂಡಿಯೂರಿ ಹಿಂದಕ್ಕೆ ಬಂದರು. ಒಂದು ಕೈಯಲ್ಲಿ ಮೋಟರು, ಇನ್ನೊಂದರಲ್ಲಿ ಅವರ ಬೆಲ್ಟು ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡು, ಹಲಗೆಯ ಆಚೆಗೆ ಬಾಗಿ, ನೀರಿಗೆ ಕೈ ಹಾಕಿದರು. ಎಡಗಡೆಯ ಪಿನ್ನು ಬಂತು. ಗಾಳಿ ತುಂಬಿದ ಟೈರು ನೀರಿನಲ್ಲಿ ಸುಮ್ಮನೆ ಇರುತ್ತದೆಯೇ? ಬುಳಕ್ ಎಂದು ತಾನಾಗಿಯೇ ಮೇಲಕ್ಕೆದ್ದು, ಒಂದು ಚೊಂಬಿನಷ್ಟು ಕೆರೆಯನ್ನು ಮಾವನ ಮುಖಕ್ಕೆ ಎರಚಿತು. ಅವರು ಕೂಗಿದ್ದು ಏನೆಂದು ಬರೆಯುವುದಿಲ್ಲ, ಅದು ಅರ್ಧ ತೆಲುಗು.

ಈಗ ಎಡ ಚಕ್ರ ಮೇಲೆ, ಬಲ ಚಕ್ರ ಕೆಳಗೆ. ದೋಣಿ ಬಲಕ್ಕೆ ಎಳೆಯತೊಡಗಿತು. ನಾನು ಏನು ಮಾಡಿದರೂ ಬಲಕ್ಕೇ. ಆ ಜಾಲಿಗಿಡವನ್ನು ಒಂದು ಸುತ್ತು ಹಾಕಿದೆವು. ಎರಡನೆಯ ಸುತ್ತಿಗೆ ಓಬಳೇಶ ಕೈ ಮುಗಿದ. ಮೂರನೆಯ ಸುತ್ತಿನಲ್ಲಿ ಮಾವನ ಕೈಗೆ ಬಲಗಡೆಯ ಪಿನ್ನು ಸಿಕ್ಕಿತು, ದೋಣಿ ತಲೆ ಎತ್ತಿ ನೇರವಾಗಿ ದಡಕ್ಕೆ ಹಾರಿತು. ಮಾವ ಈ ಸಲ ಕಣ್ಣು ಬಿಟ್ಟಿದ್ದರು.

ದಡದಲ್ಲಿ ಮೇಡಂ ಏನೋ ಬರೆದುಕೊಳ್ಳುತ್ತಿದ್ದರು. “ಹೋಗಿ ಬನ್ನಿ ಅಂದೆ. ಮೂರು ಸುತ್ತು ಯಾಕೆ ಹಾಕಿದಿರಿ?” ಎಂದು ಕೇಳಿದರು.

ಮುಖದಿಂದ ಇನ್ನೂ ನೀರು ಇಳಿಯುತ್ತಿತ್ತು. ಮಾವ ಅದನ್ನು ಒರೆಸದೆಯೇ, “ಅಲ್ಲಿ ಯಾರಾದ್ರೂ ಸಿಕ್ಕಾಕ್ಕಂಡಿದ್ರೆ ಎಲ್ಲಾ ಕಡೆಯಿಂದ ನೋಡ್ಬೇಕಲ್ಲ ಮೇಡಂ” ಎಂದರು.

ಖಾಲಿ ಲಾರಿ ಖಾಲಿಯಾಗಿಯೇ ಹೋಯಿತು. ಅಲ್ಲಿಂದ ಮಾವ ನಿವೃತ್ತರಾಗುವ ತನಕ ದೋಣಿ ಮೂವತ್ತಾರು ಸಲ ನೀರಿಗಿಳಿಯಿತು. ಅಷ್ಟೂ ಸಲ ಅವರು ಹೊರಗೆ ನಿಂತು ಪಿನ್ನು ಎಳೆದರು, ದಡದಲ್ಲಿ ಉಳಿದರು. ಅವರ ಪುಟದ ಕೆಳಗಿನ ಸೊನ್ನೆಯನ್ನು ನಾನು ಒಂದು ಎಂದು ತಿದ್ದಿದ್ದೆ, ಅದು ಒಂದಾಗಿಯೇ ಉಳಿಯಿತು. ಓಬಳೇಶ ಮಾತ್ರ ಫ್ಯಾನಿನ ಮಾತು ಬಿಟ್ಟ. ಈಗ ಅವನು ಕಂಡವರಿಗೆಲ್ಲ, “ನಮ್ಮ ಮಾವ ಗಿಡಕ್ಕೆ ಪ್ರದಕ್ಷಿಣೆ ಹಾಕವ್ನೆ, ಮದುವೆ ಒಂದು ಬಾಕಿ” ಎಂದು ಹೇಳುತ್ತಾನೆ.

ಕೊನೆಯ ದಿನ ಹ್ಯಾಂಡೋವರ್ ಪಟ್ಟಿ ಅವರ ಕೈಬರಹದಲ್ಲೇ ಬಂತು. ದೋಣಿ ಒಂದು, ಮೋಟರು ಒಂದು, ಹುಟ್ಟು ಎರಡು, ಲೈಫ್ ಜಾಕೆಟ್ಟು ನಾಲ್ಕು, ಗಾಳಿ ಪಂಪು ಒಂದು, ಟಿಫಿನ್ ಡಬ್ಬಿ ಒಂದು, ತುಂಬಿದ್ದು. ಅದು ಕಚೇರಿಯ ಸ್ವತ್ತಲ್ಲ ಎಂದೆ.

“ಈವತ್ತಿಂದ ಆಫೀಸಿಂದೇ. ಈಗ ತೆಗೀಬ್ಯಾಡ, ನಬಿ ಸಾಬರ ಮುಂದೆ ತೆಗಿ. ಚಕ್ರದ ಕಾಲು ಬಿಚ್ಕಂಡು ಹೋಗಿ ಪಿನ್ನು ಒಳಕ್ಕೆ ಹಾಕಿಸ್ಕಂಡ್ ಬಾ. ಇನ್ಮ್ಯಾಲೆ ಹೊರಗೆ ನಿಂತ್ಕಣಾಕೆ ಯಾರೂ ಇರಲ್ಲ” ಎಂದರು. ನನ್ನ ಡೈರಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. “ಹೂಂ” ಎಂದರು. ಹತ್ತೊಂಬತ್ತು. ಬೀಳ್ಕೊಡುಗೆಯ ಹಾರವನ್ನು ಕೈಯಲ್ಲಿ ಸುತ್ತಿಕೊಂಡು ಕುಂದುರ್ಪಿಯ ಬಸ್ಸಿಗೆ ಹೋದರು.

ಹೋದ ಶನಿವಾರ ಆ ಕೆಲಸಕ್ಕೆ ಹಿಂದೂಪುರಕ್ಕೆ ಹೊರಟೆ. ಚಕ್ರದ ಕಾಲುಗಳು ಚೀಲದಲ್ಲಿ, ಡಬ್ಬಿ ತೊಡೆಯ ಮೇಲೆ. ಮಡಕಶಿರ ದಾಟುವಷ್ಟರಲ್ಲಿ ನನ್ನ ಮಡಿಲು ತಣ್ಣಗಾಯಿತು. ಕಂಡಕ್ಟರು ಬಗ್ಗಿ ನೋಡಿದ.

“ಏನಮ್ಮ, ಸಾರು ಸೋರ್ತಾ ಐತಲ್ಲ.”

ಮುಚ್ಚಳದ ಸಂದಿನಿಂದ ಇಳಿಯುತ್ತಿದ್ದದ್ದನ್ನು ನಾನೂ ನೋಡಿದೆ. ಮೂರೂ ಅಂತಸ್ತಿನಿಂದ ಇಳಿಯುತ್ತಿತ್ತು. ಮುಳ್ಳಿಲ್ಲ, ಹೆಂಟೆಯಿಲ್ಲ, ಕೆಸರೂ ಇಲ್ಲ.

“ಸಾರಲ್ಲ ಅಣ್ಣ, ಕೆರೆ” ಎಂದೆ. “ಹಿಂದೂಪುರದಲ್ಲಿ ಒಬ್ಬರು ನೀರೆಲ್ಲಿ ಅಂತ ಕೇಳಿದ್ದರು, ತೋರಿಸಬೇಕಾಗಿತ್ತು.”

ಅವನು ನನ್ನನ್ನೂ ಡಬ್ಬಿಯನ್ನೂ ಒಮ್ಮೆ ನೋಡಿ, ಮುಚ್ಚಳವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮುಂದಿನ ಸೀಟಿನವರಿಗೆ ಟಿಕೆಟು ಕೊಡಲು ಹೋದ.